ಮುದಿ ನಾಯಿಯನ್ನು ಕೊಡುವುದಾದರೆ ಕೈಯಾರೆ ಕೊಡಿ

ಮಾನ್ಯ ಸಂಪಾದಕರೇ,

ಮೇ–ಜೂನ್ ಬಂತೆಂದರೆ ನಮ್ಮ ಧಾರವಾಡದಲ್ಲಿ ವರ್ಗಾವಣೆಯ ಕಾಲ. ಮನೆ ಸಾಮಾನು ಲಾರಿಗೆ ಏರುತ್ತದೆ, ಮಕ್ಕಳ ಟಿ.ಸಿ. ಕೈಗೆ ಬರುತ್ತದೆ, ಕೊನೆಗೆ ಉಳಿಯುವುದು ನಾಯಿ. ಕೆಲಗೇರಿ ಕೆರೆಯ ದಂಡೆಯಲ್ಲೋ ಬೈಪಾಸ್ ಪಕ್ಕದ ಧಾಬಾಗಳ ಹತ್ತಿರವೋ, ಕೊರಳಲ್ಲಿ ಪಟ್ಟಿ ಇದ್ದು ನಿಂತ ಪ್ರತಿ ಕಾರಿನ ಬಾಗಿಲಿಗೆ ಓಡಿ ಬರುವ ನಾಯಿಯನ್ನು ಕಂಡರೆ ಅದು ಎಲ್ಲಿಂದ ಬಂತೆಂದು ಯಾರನ್ನೂ ಕೇಳಬೇಕಾಗಿಲ್ಲ. ನಾನು ಪಶುವೈದ್ಯಕೀಯ ಪರೀಕ್ಷಕನಾಗಿ ಕಲಘಟಗಿ, ಕುಂದಗೋಳ, ನವಲಗುಂದ ತಾಲ್ಲೂಕುಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗಲೂ ಜನ ಮನೆಗೆ ಬಂದು, ‘ಸಾಹೇಬರೇ, ನಮ್ಮ ನಾಯಿಯನ್ನು ಯಾರಾದರೂ ಇಟ್ಟುಕೊಳ್ಳುತ್ತಾರಾ ನೋಡಿ’ ಎನ್ನುತ್ತಾರೆ. ಹಾಗೆ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಕೇಳದೆ ಬಿಟ್ಟು ಹೋಗುವವರಿಗಾಗಿ ಈ ಪತ್ರ.

ಸಾಕಿದ ನಾಯಿಯನ್ನು ಇನ್ನೊಬ್ಬರಿಗೆ ಕೊಡುವುದು ಪಾಪವಲ್ಲ. ಕಾಯಿಲೆ ಬರುತ್ತದೆ, ಯಜಮಾನರು ತೀರಿಕೊಳ್ಳುತ್ತಾರೆ, ಬಾಡಿಗೆ ಮನೆಯವರು ಒಪ್ಪುವುದಿಲ್ಲ. ಆದರೆ ‘ಹೊಲದ ಕಡೆ ಬಿಟ್ಟರೆ ಆರಾಮವಾಗಿರುತ್ತದೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಊರಿಗಾಗಲಿ ಹೊಲಕ್ಕಾಗಲಿ ಅಲ್ಲಿಯದೇ ನಾಯಿಗಳಿರುತ್ತವೆ, ಅವಕ್ಕೆ ಅವುಗಳ ಎಲ್ಲೆ ಇರುತ್ತದೆ. ಹೊಸದಾಗಿ ಬಂದ ಮುದಿ ನಾಯಿ ಮೊದಲ ರಾತ್ರಿಯೇ ಕಚ್ಚಿಸಿಕೊಳ್ಳುತ್ತದೆ. ಹುಚ್ಚುನಾಯಿ ರೋಗದ ಲಸಿಕೆಯನ್ನು ಕಾಲಕಾಲಕ್ಕೆ ಮತ್ತೆ ಹಾಕಿಸಬೇಕು. ಬೀದಿಗೆ ಬಿದ್ದ ನಾಯಿಗೆ ಅದನ್ನು ಹಾಕಿಸುವವರು ಯಾರು? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಹಸಿವು ನೀರಡಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು ಅಪರಾಧ. ಮೊದಲ ಅಪರಾಧಕ್ಕೆ ಅದರಲ್ಲಿ ಬರೆದಿರುವ ದಂಡ 10ರಿಂದ 50 ರೂಪಾಯಿ. ಇಷ್ಟು ದಂಡಕ್ಕೆ ಯಾರೂ ಹೆದರುವುದಿಲ್ಲ ಎಂಬುದು ನನ್ನ ಸಂಕಟ.

ಇನ್ನು, ನಾಯಿಗೆ ವಯಸ್ಸಾಯಿತೆಂದು ಬೇಡವಾಗುವ ಕಾರಣಗಳಲ್ಲಿ ಅರ್ಧದಷ್ಟು ತಿಳಿವಳಿಕೆಯ ಕೊರತೆಯಿಂದ ಬಂದವು. ಕಣ್ಣಲ್ಲಿ ನೀಲಿ ಮಸುಕು ಕಂಡ ಕೂಡಲೇ ‘ಕುರುಡಾಯಿತು’ ಎನ್ನುತ್ತಾರೆ. ವಯಸ್ಸಾದ ನಾಯಿಯ ಕಣ್ಣಿನ ಮಸೂರ ಗಟ್ಟಿಯಾಗಿ ಹಾಗೆ ಕಾಣುವುದು ಸಹಜ. ಎಷ್ಟೋ ನಾಯಿಗಳಿಗೆ ದೃಷ್ಟಿ ಚೆನ್ನಾಗಿಯೇ ಇರುತ್ತದೆ. ಮನೆಯೊಳಗೆ ಮೂತ್ರ ಮಾಡತೊಡಗಿತೆಂದು ಹೊಡೆಯುತ್ತಾರೆ. ಅದು ಹಟವಲ್ಲ, ಸಕ್ಕರೆ ಕಾಯಿಲೆಯೋ ಮೂತ್ರಪಿಂಡದ ತೊಂದರೆಯೋ ಇರಬಹುದು, ಮೊದಲು ಪರೀಕ್ಷೆ ಮಾಡಿಸಿ. ಕಾಲು ನೋವೆಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಗುಳಿಗೆಯನ್ನು ರೊಟ್ಟಿಯಲ್ಲಿಟ್ಟು ತಿನ್ನಿಸುವವರೂ ಇದ್ದಾರೆ. ದಯವಿಟ್ಟು ಬೇಡ, ಮನುಷ್ಯರ ನೋವಿನ ಮಾತ್ರೆ ನಾಯಿಯ ಜೀವವನ್ನೇ ತೆಗೆಯಬಹುದು.

ಕೊಡುವುದು ಹೇಗೆಂದು ಹೇಳಲು ನಾನೇ ಕಂಡದ್ದನ್ನು ಬರೆಯುತ್ತೇನೆ. ಮಾಳಮಡ್ಡಿಯ ವೃದ್ಧ ದಂಪತಿ ಪುಣೆಯಲ್ಲಿರುವ ಮಗಳ ಮನೆಗೆ ಹೋಗಬೇಕಾಯಿತು. ಮೊಮ್ಮಗುವಿಗೆ ಉಬ್ಬಸ, ನಾಯಿಯನ್ನು ಒಯ್ಯುವಂತಿರಲಿಲ್ಲ. ಒಂಬತ್ತು ವರ್ಷ ದಾಟಿದ ಲ್ಯಾಬ್ರಡಾರ್. ನಾರಾಯಣಪುರದಲ್ಲಿ ಬಟ್ಟೆ ಹೊಲಿದು ಜೀವನ ಮಾಡುವ ಮಹಿಳೆಯೊಬ್ಬರು ಇಟ್ಟುಕೊಳ್ಳಲು ಒಪ್ಪಿದರು. ಊರು ಬಿಡುವ ಎಷ್ಟೋ ದಿನ ಮೊದಲಿನಿಂದಲೇ ಅಜ್ಜಿ ಸಂಜೆ ಹೊತ್ತು ನಾಯಿಯನ್ನು ಆ ಮನೆಗೆ ಕರೆದೊಯ್ದು ಕೂರತೊಡಗಿದರು. ಮೊದಮೊದಲು ಹೊಲಿಗೆ ಯಂತ್ರದ ಸದ್ದಿಗೆ ಅದು ಎದ್ದು ಬಾಗಿಲಲ್ಲಿ ನಿಲ್ಲುತ್ತಿತ್ತು; ಆಮೇಲಾಮೇಲೆ ಯಂತ್ರದ ಪಕ್ಕದಲ್ಲೇ ಮಲಗತೊಡಗಿತು. ಅದರ ಕೌದಿಯನ್ನು ಒಗೆಯದೆ ಕೊಟ್ಟರು, ಹಳೆಯ ಮನೆಯ ವಾಸನೆ ಇರಲೆಂದು. ಲಸಿಕೆಯ ಕಾರ್ಡಿನ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಟ್ಟರು. ಬೆಳಿಗ್ಗೆ ಹಿಂಗಾಲು ಹಿಡಿದುಕೊಳ್ಳುತ್ತದೆ, ನುಣುಪು ನೆಲದಲ್ಲಿ ಜಾರುತ್ತದೆ, ಗೋಣಿಚೀಲ ಹಾಸಿ. ರೊಟ್ಟಿ ಕೊಡಿ, ಉಳ್ಳಾಗಡ್ಡಿ ಹಾಕಿದ ಪಲ್ಯ ಕೊಡಬೇಡಿ (ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಕೆಡಿಸುತ್ತವೆ ಎಂಬುದನ್ನು ಎಲ್ಲರೂ ತಿಳಿದಿರಬೇಕು). ಪಟಾಕಿ ಸದ್ದಿಗೆ ನಡುಗುತ್ತದೆ, ದೀಪಾವಳಿಯಲ್ಲಿ ಒಳಕೋಣೆಯಲ್ಲಿ ಜೊತೆಗಿರಿ. ತಿನ್ನುವಾಗ ತಟ್ಟೆಗೆ ಕೈ ಹಾಕಿದ ಹುಡುಗನ ಮೇಲೆ ಒಮ್ಮೆ ಎರಗಿತ್ತು. ಈ ಕೊನೆಯ ಮಾತನ್ನು ಬರೆಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಆದರೂ ಬರೆದರು. ಹೊಂದಿಕೆಯಾಗದಿದ್ದರೆ ಫೋನ್ ಮಾಡಿ, ನಾವೇ ಬಂದು ಬೇರೆ ಏರ್ಪಾಡು ಮಾಡುತ್ತೇವೆ ಎಂದೂ ಮಾತು ಕೊಟ್ಟರು. ಔಷಧಿಯ ಖರ್ಚನ್ನು ಪುಣೆಯಿಂದ ಕಳುಹಿಸುತ್ತಿದ್ದಾರೆ. ನಾಯಿ ಸಾಕುವ ಯೋಗ್ಯತೆ ಇಂಥವರಿಗಿದೆ.

ಮರಿಯನ್ನೇ ಬೇಕೆನ್ನುವ ಮನೆಯವರಿಗೂ ಒಂದು ಮಾತು. ಐದನೇ ತರಗತಿಯ ಮಗನಿಗೆಂದು ತಂದ ಲ್ಯಾಬ್ರಡಾರ್ ಮರಿ, ಅವನು ಪದವಿ ಮುಗಿಸಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗುವಾಗ ಮುದಿಯಾಗಿರುತ್ತದೆ. ಆಗ ಅದನ್ನು ನೋಡಿಕೊಳ್ಳುವವರು ತಂದೆ ತಾಯಿಯೇ. ತರುವ ದಿನವೇ ಈ ಲೆಕ್ಕ ಹಾಕಿ. ನಿವೃತ್ತರಿಗೆ, ಒಬ್ಬರೇ ಇರುವವರಿಗೆ ಏಳೆಂಟು ವರ್ಷದ ನಾಯಿ ಎಷ್ಟೋ ವಾಸಿ. ಅದರ ಸ್ವಭಾವ ಮೊದಲೇ ತಿಳಿದಿರುತ್ತದೆ, ಚಪ್ಪಲಿ ಕಡಿಯುವ ವಯಸ್ಸು ಮುಗಿದಿರುತ್ತದೆ, ನಿಮ್ಮ ನಡಿಗೆಗೆ ತಕ್ಕಂತೆ ಅದೂ ನಡೆಯುತ್ತದೆ.

ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆ ಮತ್ತು ಪಶುಪಾಲನಾ ಇಲಾಖೆಯವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಎರಡೂ ಊರುಗಳ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಒಂದೊಂದು ದಾಖಲೆ ಪುಸ್ತಕ ಇಡಲಿ. ನಾಯಿ ಕೊಡುವವರು ಅದರ ವಯಸ್ಸು, ಲಸಿಕೆ, ಕಾಯಿಲೆ, ಸ್ವಭಾವವನ್ನು ಅದರಲ್ಲಿ ಬರೆಸಲಿ. ಬೇಕೆನ್ನುವವರೂ ಹೆಸರು ಬರೆಸಲಿ. ಸಿಬ್ಬಂದಿ ಕಡಿಮೆ ಎಂಬುದನ್ನು ಒಳಗಿದ್ದು ಕಂಡವನು ನಾನು. ಧಾರವಾಡದಲ್ಲಿ ಆ ಪುಸ್ತಕ ಶುರುವಾದರೆ ವಾರಕ್ಕೊಂದು ದಿನ ಬಂದು ಕುಳಿತು ಬರೆಯಲು ಸಿದ್ಧನಿದ್ದೇನೆ, ಸಂಬಳ ಬೇಡ.

– ನಿವೃತ್ತ ಪಶುವೈದ್ಯಕೀಯ ಪರೀಕ್ಷಕ, ಸಪ್ತಾಪುರ, ಧಾರವಾಡ