ಮಗಳಿಗೊಂದು ಪತ್ರ: ಲೀಗ್ ಮುಚ್ಚಿ ಐದೇ ದಿನಕ್ಕೆ ವಿಶ್ವಕಪ್

ಪುಟ್ಟಿ,

ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಜಗಳಕ್ಕೇ ಇಳಿಯುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. "ಫುಟ್‌ಬಾಲ್ ಆಡಿ ಯಾವ ಹುಡುಗಿ ಉದ್ಧಾರ ಆಗಿದ್ದಾಳಮ್ಮಾ?" ಅಂತ ಕೇಳಿದೆಯಲ್ಲ, ಆ ಮಾತು ನಿನ್ನದಲ್ಲ, ನಿನ್ನ ದೊಡ್ಡಮ್ಮನದು. ಇರಲಿ, ಯಾರದಾದರೂ ಪ್ರಶ್ನೆ ಪ್ರಶ್ನೆಯೇ. ಒಬ್ಬಳ ಕತೆ ಹೇಳುತ್ತೇನೆ. ನಿನ್ನ ಹಾಗೇ ಸ್ಟ್ರೈಕರ್. ಉದ್ಧಾರ ಆದಳೋ ಇಲ್ಲವೋ ನೀನೇ ಹೇಳು.

ಹೆಸರು ಮರಿನೆಟ್ ಪಿಶೋನ್. ಫ್ರಾನ್ಸಿನ ಬಾರ್-ಸುರ್-ಓಬ್ ಅನ್ನುವ ಸಣ್ಣ ಊರಿನಲ್ಲಿ 1975ರಲ್ಲಿ ಹುಟ್ಟಿದವಳು. ಅಪ್ಪ ಕುಡುಕ. ಮನೆಯಲ್ಲಿ ಹೊಡೆತ ಬಡಿತ. ಇದನ್ನೆಲ್ಲ ಅವಳು ಮುಚ್ಚಿಡಲಿಲ್ಲ, ದೊಡ್ಡವಳಾದ ಮೇಲೆ ತಾನೇ ಬಾಯಿಬಿಟ್ಟು ಹೇಳಿದಳು, ಬರೆದಳು. ಅವಳಿಗೆ ಉಸಿರಾಡಲು ಇದ್ದ ಜಾಗ ಮೈದಾನವೊಂದೇ. ಹತ್ತಿರದ ಬ್ರಿಯೆನ್-ಲೆ-ಶಾತೊದಲ್ಲಿ ಹುಡುಗರ ಜೊತೆ ಆಡುತ್ತಾ ಬೆಳೆದಳು. ಆಮೇಲೆ ಸಾಂ-ಮೆಮಿ ಕ್ಲಬ್ಬಿನ ಮಹಿಳಾ ತಂಡ ಸೇರಿದಳು. 1994ರಲ್ಲಿ ಫ್ರಾನ್ಸ್ ತಂಡಕ್ಕೆ ಬಂದಳು.

ಈಗ ದುಡ್ಡಿನ ವಿಷಯ. ಆ ಕಾಲದಲ್ಲಿ ಫ್ರಾನ್ಸಿನ ಆಟಗಾರ್ತಿಯರು ಹಗಲು ಓದು ಇಲ್ಲವೇ ಕೆಲಸ, ಸಂಜೆ ಪ್ರಾಕ್ಟೀಸ್ ಅಂತ ಬದುಕುತ್ತಿದ್ದರು. 1998ರಲ್ಲಿ ಗಂಡಸರು ತವರಿನಲ್ಲೇ ವಿಶ್ವಕಪ್ ಗೆದ್ದರು, ಇಡೀ ಪ್ಯಾರಿಸ್ ಬೀದಿಗಿಳಿದು ಕುಣಿಯಿತು. ಅಷ್ಟೊತ್ತಿಗೆ ಮಹಿಳಾ ತಂಡ ಒಂದೇ ಒಂದು ವಿಶ್ವಕಪ್ ಕೂಡ ಆಡಿರಲಿಲ್ಲ.

ಅಮೆರಿಕದಲ್ಲಿ ಕತೆ ಬೇರೆ. 1999ರ ಮಹಿಳಾ ವಿಶ್ವಕಪ್ ಫೈನಲ್ ನೋಡಲು ಅಲ್ಲಿ 90 ಸಾವಿರ ಜನ ಸೇರಿದ್ದರು. ಆ ಹುಮ್ಮಸ್ಸಿನಲ್ಲಿ ಕೇಬಲ್ ಟಿವಿಯವರು ಹಣ ಹಾಕಿ 2001ರಲ್ಲಿ ಎಂಟು ತಂಡಗಳ ಲೀಗ್ ಶುರು ಮಾಡಿದರು. ಡಬ್ಲ್ಯುಯುಎಸ್ಎ ಅಂತ ಹೆಸರು. ಆಟವೇ ಕೆಲಸ, ಆಟಕ್ಕೇ ಸಂಬಳ. 2002ರಲ್ಲಿ ಪಿಶೋನ್ ಅಲ್ಲಿನ ಫಿಲಡೆಲ್ಫಿಯಾ ಚಾರ್ಜ್ ತಂಡ ಸೇರಿದಳು. ಮೊದಲ ಸೀಸನ್ನಿನಲ್ಲೇ 14 ಗೋಲು! ಅಮೆರಿಕದ ಮಿಯಾ ಹ್ಯಾಮ್, ಚೀನಾದ ಸುನ್ ವೆನ್ ಥರದ ಜಗತ್ತಿನ ದೊಡ್ಡ ಆಟಗಾರ್ತಿಯರು ಆಡುತ್ತಿದ್ದ ಲೀಗದು. ಆ ವರ್ಷದ ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿ ಸಿಕ್ಕಿದ್ದು ಈ ಹಳ್ಳಿ ಹುಡುಗಿಗೆ.

ಆದರೆ ಲೀಗಿನ ಲೆಕ್ಕ ಕೆಟ್ಟಿತ್ತು. ಐದು ವರ್ಷಕ್ಕೆಂದು ಎತ್ತಿಟ್ಟಿದ್ದ 4 ಕೋಟಿ ಡಾಲರ್ ಮೊದಲನೇ ವರ್ಷವೇ ಖಾಲಿ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೇ ಹೋಳಿಗೆ ಮುಗಿಸಿದ ಹಾಗೆ. ಟಿವಿಯಲ್ಲಿ ನೋಡುವವರೂ ಕಮ್ಮಿಯಾದರು. 2003ರಲ್ಲಿ ದೊಡ್ಡ ಆಟಗಾರ್ತಿಯರು ತಾವೇ ಸಂಬಳ ಇಳಿಸಿಕೊಂಡರು, ಆದರೂ ಉಳಿಯಲಿಲ್ಲ. ಸೆಪ್ಟೆಂಬರ್ 15ರಂದು ಲೀಗ್ ಮುಚ್ಚುತ್ತಿದ್ದೇವೆ ಅಂತ ಘೋಷಿಸಿದರು. ಸೆಪ್ಟೆಂಬರ್ 20ಕ್ಕೆ ವಿಶ್ವಕಪ್! ಅದೂ ಅಮೆರಿಕದಲ್ಲೇ. ಚೀನಾದಲ್ಲಿ ನಡೆಯಬೇಕಿದ್ದದ್ದನ್ನು ಸಾರ್ಸ್ ಕಾಯಿಲೆಯಿಂದಾಗಿ ಅಲ್ಲಿಗೆ ಸಾಗಿಸಿದ್ದರು.

ಫ್ರಾನ್ಸ್ ಮಹಿಳೆಯರಿಗೆ ಅದು ಮೊದಲ ವಿಶ್ವಕಪ್. ಮೊದಲ ಪಂದ್ಯ ಎಲ್ಲಿ ಗೊತ್ತಾ? ಫಿಲಡೆಲ್ಫಿಯಾದಲ್ಲಿ. ಐದು ದಿನದ ಹಿಂದೆ ಕೆಲಸ ಕಳೆದುಕೊಂಡವಳು, ತಾನು ಕೆಲಸ ಮಾಡುತ್ತಿದ್ದ ಊರಿನಲ್ಲೇ ದೇಶದ ಅಂಗಿ ಹಾಕಿಕೊಂಡು ಇಳಿದಳು. ನಾರ್ವೆ ಎದುರು 0-2ರಿಂದ ಸೋತರು.

ಎರಡನೇ ಪಂದ್ಯ ವಾಷಿಂಗ್ಟನ್ನಿನಲ್ಲಿ, ದಕ್ಷಿಣ ಕೊರಿಯಾ ಜೊತೆ. 83 ನಿಮಿಷ ಏನೂ ಇಲ್ಲ. 84ನೇ ನಿಮಿಷಕ್ಕೆ ಪಿಶೋನ್ ಗೋಲು. ಮಹಿಳಾ ವಿಶ್ವಕಪ್ಪಿನಲ್ಲಿ ಫ್ರಾನ್ಸಿನ ಮೊದಲ ಗೋಲು, ಮೊದಲ ಗೆಲುವು. ಅದೇ ಮೈದಾನದಲ್ಲಿ ಮೂರನೇ ಪಂದ್ಯ ಬ್ರೆಜಿಲ್ ವಿರುದ್ಧ. ಬ್ರೆಜಿಲ್ ಪರ ಗೋಲು ಹೊಡೆದವಳು ಕಾಟಿಯಾ. ಅವಳು ಸ್ಯಾನ್ ಹೋಸೆ ತಂಡದವಳು, ಅಂದರೆ ಅವಳೂ ಅದೇ ಮುಚ್ಚಿದ ಲೀಗಿನವಳು! ಮುಂದಿನ ತಿಂಗಳ ಸಂಬಳ ಎಲ್ಲಿಂದ ಅಂತ ಗೊತ್ತಿಲ್ಲದ ಇಬ್ಬರು ಆವತ್ತು ಎದುರುಬದುರು ನಿಂತಿದ್ದರು. ಇಂಜುರಿ ಟೈಮಿನಲ್ಲಿ ಪಿಶೋನ್ ಹೊಡೆದು 1-1 ಮಾಡಿದಳು. ಡ್ರಾ ಸಾಲಲಿಲ್ಲ, ಫ್ರಾನ್ಸ್ ಹೊರಬಿತ್ತು. ಇಡೀ ಟೂರ್ನಿಯಲ್ಲಿ ಫ್ರಾನ್ಸ್ ಹೊಡೆದದ್ದು ಎರಡೇ ಗೋಲು, ಎರಡೂ ಅವಳದೇ. ನನಗಂತೂ ಆ 14 ಗೋಲು, ಆ ಪ್ರಶಸ್ತಿ ಎಲ್ಲಕ್ಕಿಂತ ಈ ಎರಡೇ ದೊಡ್ಡವು ಅನಿಸುತ್ತದೆ. ನಿಮ್ಮ ಮೂರನೇ ಪಂದ್ಯದಲ್ಲಿ ಪಾಸ್ ಬರಲಿಲ್ಲ ಅಂತ ನೀನು ಹೋದ ವಾರ ಮುಖ ಊದಿಸಿಕೊಂಡಿದ್ದೆಯಲ್ಲ, ಆ 84ನೇ ನಿಮಿಷ ನೆನಪಿಟ್ಟುಕೋ. ಸುಮ್ನೆ ಹೇಳಿದೆ, ಕೋಪ ಮಾಡ್ಕೋಬೇಡ.

ಆಮೇಲೆ ಅವಳು ಒಂದು ವರ್ಷ ನ್ಯೂಜೆರ್ಸಿಯಲ್ಲಿ ಆಡಿ, ಫ್ರಾನ್ಸಿಗೆ ವಾಪಸ್ ಬಂದು ಜುವಿಸಿ ಕ್ಲಬ್ ಸೇರಿದಳು. 2006ರಲ್ಲಿ ಜುವಿಸಿ ಲೀಗ್ ಗೆದ್ದಿತು. 2007ರಲ್ಲಿ ಆಟ ನಿಲ್ಲಿಸಿದಳು. ದೇಶಕ್ಕೆ 112 ಪಂದ್ಯ, 81 ಗೋಲು. ಆ ದಾಖಲೆ ಮುರಿಯಲು 2020 ಬರಬೇಕಾಯಿತು. ಮುರಿದವಳು ಯುಜೆನಿ ಲೆ ಸೊಮರ್. ಅವಳು ಹೆಚ್ಚು ಕಾಲ ಆಡಿದ್ದು ಲಿಯಾನ್ ಕ್ಲಬ್ಬಿನಲ್ಲಿ, ಆಡುವುದನ್ನೇ ಕೆಲಸ ಮಾಡಿಕೊಂಡು. ಫ್ರಾನ್ಸಿನ ಮಹಿಳಾ ಲೀಗ್ ಅಧಿಕೃತವಾಗಿ ವೃತ್ತಿಪರ ಆದದ್ದು 2024ರಲ್ಲಿ. ಪಿಶೋನ್ ಬೂಟು ಬಿಚ್ಚಿಟ್ಟ 17 ವರ್ಷಕ್ಕೆ!

ಹಾಗಾಗಿ ದೊಡ್ಡಮ್ಮನ ಲೆಕ್ಕದಲ್ಲಿ ಈಕೆ ಉದ್ಧಾರ ಆಗಲಿಲ್ಲ. ದೊಡ್ಡ ಲೀಗಿನ ಸಂಬಳ ಬಂದದ್ದು ಎರಡೇ ಸೀಸನ್. ನನ್ನ ಲೆಕ್ಕ ಬೇರೆ. ಆ ಎರಡು ಸೀಸನ್ ಬರುವ ಮೊದಲೂ ಆಡಿದಳು, ಹೋದ ಮೇಲೂ ಆಡಿದಳು. ಲೀಗ್ ಮುಚ್ಚಿದ್ದು ಅವಳ ತಪ್ಪಲ್ಲ, ಅವಳ ಕೈಯಲ್ಲಿದ್ದದ್ದು ಗೋಲು ಮಾತ್ರ.

ಹಾಗಂತ ಓದು ಬಿಡು ಅಂತ ನಾನು ಹೇಳಲ್ಲ. ಅವಳಿಗೆ ಆದದ್ದನ್ನು ನೋಡಿದ ಮೇಲೆ ಯಾವ ತಾಯಿ ಹೇಳುತ್ತಾಳೆ? ಬಿ.ಕಾಂ ಮುಗಿಸು. ಅಕೌಂಟ್ಸ್ ಕಲಿತವರು ಇದ್ದಿದ್ದರೆ ಆ ಲೀಗೂ ಉಳಿಯುತ್ತಿತ್ತೇನೋ! ಆದರೆ ಟ್ರಯಲ್ಸ್‌ಗೆ ಹೋಗಲ್ಲ ಅಂತ ಈಗಲೇ ತೀರ್ಮಾನ ಮಾಡಬೇಡ. ದೊಡ್ಡಮ್ಮನನ್ನು ನಾನು ನೋಡಿಕೊಳ್ಳುತ್ತೇನೆ.

ಬೂಟಿಗೆ ನಿಮ್ಮಪ್ಪ ದುಡ್ಡು ಹಾಕಿದ್ದಾರೆ, ಅಕೌಂಟ್ ನೋಡಿಕೋ. ಚೆಂದ ಇದೆ ಅಂತ ಬಿಗಿಯಾದದ್ದನ್ನು ತಗೋಬೇಡ, ಹೋದ ಸಲದ ಉಗುರು ಇನ್ನೂ ಸರಿಹೋಗಿಲ್ಲ. ಟ್ರಯಲ್ಸ್ ತಾರೀಕು ಗೊತ್ತಾದ ತಕ್ಷಣ ತಿಳಿಸು, ನಾನು ರಜೆ ಹಾಕಬೇಕು.

ನಿನ್ನ
ಅಮ್ಮ