ನಿನ್ನ ಎರಡು ನಿಮಿಷದ ಮ್ಯೂಸಿಕ್ ಬಗ್ಗೆ

ಪ್ರೀತಿಯ ಪುಟ್ಟಿ,

ನೀನು ಮ್ಯೂಸಿಕ್ ಹಾಕಿ ಕಳಿಸಿದ ವಿಡಿಯೋ ನೋಡಿದೆ. ಬಂದ ದಿನವೇ ನೋಡಿದೆ. ವಾಟ್ಸಾಪಿನಲ್ಲಿ ನೀಲಿ ಟಿಕ್ ಬಿತ್ತು, ಆಮೇಲೆ ಅಪ್ಪನಿಂದ ಒಂದಕ್ಷರ ಇಲ್ಲ ಅಂತ ನಿನಗೆ ಬೇಜಾರು. "ಅಪ್ಪನಿಗೆ ಇಷ್ಟ ಆಗಿಲ್ಲ, ಅದಕ್ಕೇ ಸುಮ್ಮನಿದ್ದಾರೆ" ಅಂತ ಅಮ್ಮನ ಹತ್ತಿರ ಹೇಳಿದೆಯಂತೆ. ಅವಳು ಅದನ್ನು ನನಗೆ ಮುಟ್ಟಿಸುವಾಗ ಉಪ್ಪು ಖಾರ ಸ್ವಲ್ಪ ಜಾಸ್ತಿಯೇ ಹಾಕಿದಳು.

ಇಷ್ಟ ಆಗಿಲ್ಲ ಅಂತಲ್ಲ. ಪೂರ್ತಿ ಕೇಳಿಸಲಿಲ್ಲ. ಇದನ್ನು ಫೋನಲ್ಲಿ ಹೇಳಲು ಹೋದರೆ ನಾನು "ಆಂ? ಆಂ?" ಅಂತೀನಿ, ನೀನು "ಆಮೇಲೆ ಮಾಡ್ತೀನಪ್ಪ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ.

ನಾನೂ ಅಮ್ಮನೂ ಮೈಸೂರಿಗೆ ಹೋಗಿದ್ದು ಚಾಮುಂಡಿ ಬೆಟ್ಟ ನೋಡಲಿಕ್ಕಲ್ಲ. ಬೆಟ್ಟದ ಫೋಟೋ ಮಾತ್ರ ಕಳಿಸು ಅಂತ ನಾನೇ ಅವಳಿಗೆ ಹೇಳಿದ್ದೆ. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಆಯಿಷ್ ಅಂತಾರೆ, ಅಲ್ಲಿಗೆ ಹೋಗಿದ್ದೆವು. ಗಾಜಿನ ಕಿಟಕಿ ಇರುವ ಸಣ್ಣ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಕುಂಯ್ ಅಂತ ಸದ್ದು ಕೇಳಿದಾಗೆಲ್ಲ ಬಟನ್ ಒತ್ತಬೇಕು. ಮೊದಮೊದಲು ಚಕಚಕ ಒತ್ತಿದೆ. ಆಮೇಲೆ ತುಂಬಾ ಹೊತ್ತು ಏನೂ ಬರಲಿಲ್ಲ. ಮುಗೀತೇನೋ ಅಂದುಕೊಂಡು ಕಿಟಕಿ ಕಡೆ ತಿರುಗಿದರೆ, ಆಚೆ ಕೂತಿದ್ದ ಹುಡುಗಿ ಇನ್ನೂ ತನ್ನ ಮಿಷನ್ ಒತ್ತುತ್ತಲೇ ಇದ್ದಾಳೆ. ಸದ್ದು ಬರುತ್ತಲೇ ಇತ್ತು ಪುಟ್ಟಿ.

ಹೊರಗೆ ಬಂದ ಮೇಲೆ ಒಂದು ಹಾಳೆ ತೋರಿಸಿದಳು, ಆಡಿಯೋಗ್ರಾಂ ಅಂತಾರೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಮಾರ್ಕು. ಹರ್ಟ್ಜ್ ಜಾಸ್ತಿ ಆದಷ್ಟೂ ಸದ್ದು ಕೀರಲು, ಗೆರೆ ಇಳಿದಷ್ಟೂ ಕಿವಿ ಮಂದ. 1000 ಹರ್ಟ್ಜ್ ತನಕ ಗೆರೆ ಹೆಚ್ಚುಕಡಿಮೆ ಸಮ. 2000 ದಾಟಿತೋ ಇಲ್ಲವೋ, ಆಗುಂಬೆ ಘಾಟಿ ಇಳಿದ ಹಾಗೆ ಇಳಿದಿದೆ. 4000ದ ಹತ್ತಿರ ತಳ. "ತುಂಬಾ ವರ್ಷ ಮಿಷನ್ ಸದ್ದಲ್ಲಿ ಕೆಲಸ ಮಾಡಿದ್ದೀರಾ ಸರ್?" ಅಂದಳು. ನಾನಿನ್ನೂ ಏನೂ ಹೇಳಿರಲೇ ಇಲ್ಲ. ಆ ತಳ ನೋಡಿದರೇ ಅವರಿಗೆ ಗೊತ್ತಾಗುತ್ತದಂತೆ.

ಪ್ರಿಂಟಿಂಗ್ ಪ್ರೆಸ್ಸು ನನ್ನದೇ. ಮೊದಲು ಟ್ರೆಡಲ್, ಆಮೇಲೆ ಆಫ್‌ಸೆಟ್. ನಿನ್ನ ಮೊದಲ ಕೀಬೋರ್ಡ್ ಬಂದಿದ್ದೂ ಅದರ ದುಡ್ಡಲ್ಲೇ. ಯಾರ ಮೇಲೆ ಸಿಟ್ಟು ಮಾಡಲಿ ಹೇಳು.

ಮನೆಗೆ ಬಂದವನು ನಾವಿಬ್ಬರೂ ಜಗಳ ಆಡುತ್ತಿದ್ದ ಸಿನಿಮಾಗಳನ್ನೆಲ್ಲ ಒಂದೊಂದಾಗಿ ಹಾಕಿ ಕೂತೆ. ಯಾವ ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತ, ಮೇಲು, ಯಾವುದು ಕೀಳು ಅನ್ನೋದು ಆಮೇಲಿನ ಮಾತು. ಯಾವುದು ನನಗೆ ಉಳಿದಿದೆ, ಅದನ್ನು ನೋಡಬೇಕಿತ್ತು.

'ಚೋಮನ ದುಡಿ' ಪೂರ್ತಿ ಉಳಿದಿದೆ. 1975ರ ಸಿನಿಮಾ, ಬಿ.ವಿ. ಕಾರಂತರದೇ ನಿರ್ದೇಶನ, ಅವರದೇ ಸಂಗೀತ. ದುಡಿಗೆ ಬಿದ್ದ ಒಂದು ಪೆಟ್ಟೂ ತಪ್ಪಿಲ್ಲ. 'ಸನಾದಿ ಅಪ್ಪಣ್ಣ' ಅರ್ಧ. ಬಿಸ್ಮಿಲ್ಲಾ ಖಾನ್ ನುಡಿಸುತ್ತಿರುವುದು ಯಾವ ರಾಗ ಅಂತ ತಿಳಿಯುತ್ತದೆ, ಆದರೆ ಶೆಹನಾಯಿಗೆ ಒಂದು ಅಂಚು ಇರುತ್ತದಲ್ಲ, ಅದು ಇಲ್ಲ. 'ಕಾಂತಾರ'ದಲ್ಲಿ ಡೋಲು ಎದೆಗೇ ಬಡಿಯುತ್ತದೆ. ದೈವ ಕಾಲೆತ್ತಿ ಇಡುವುದೂ ಕಾಣುತ್ತದೆ. ಕಾಲಿನ ಗಗ್ಗರದ ಗೆಜ್ಜೆಸದ್ದು ಮಾತ್ರ ಕೇಳುವುದಿಲ್ಲ. 'ಮಾಲ್ಗುಡಿ ಡೇಸ್' ಸಿನಿಮಾ ಅಲ್ಲ, ಸೀರಿಯಲ್ಲು. ಆದರೂ ಎಲ್. ವೈದ್ಯನಾಥನ್ ಅವರ ಆ ಗುನುಗು ನಮ್ಮ ಮನೆಯಲ್ಲಿ ಯಾಕೆ ಬೇಕಾಗುತ್ತಿತ್ತು ಅಂತ ನಿನಗೆ ಹೇಳಬೇಕಿಲ್ಲ. ಅದು ಕೇಳುತ್ತದೆ.

ಇನ್ನು 'ಕೆಜಿಎಫ್'. 2018ರಲ್ಲಿ ಥಿಯೇಟರಿನಿಂದ ಹೊರಗೆ ಬಂದು "ಇದಕ್ಕಿಂತ ನಮ್ಮ ಪ್ರೆಸ್ಸೇ ವಾಸಿ" ಅಂದಿದ್ದೆನಲ್ಲ. ಈಗ ರವಿ ಬಸ್ರೂರು ಕೊಟ್ಟ ಏಟು ಒಂದೂ ಬಿಡದೆ ಕೇಳುತ್ತದೆ. ನಗು, ನಗು.

'ಪಲ್ಲವಿ ಅನುಪಲ್ಲವಿ'ಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಹೆದರಿಕೆ ಆಗಿತ್ತು. ಮಣಿರತ್ನಂ ಅವರ ಮೊದಲ ಸಿನಿಮಾ, 1983. ಸಂಗೀತ ಇಳಯರಾಜ. ಆ ಟ್ಯೂನು ಆಮೇಲೆ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಇಡೀ ದೇಶಕ್ಕೆ ಕೇಳಿಸಿತು. ಅದು ಕನ್ನಡ ಸಿನಿಮಾದ್ದು ಅಂತ ಎಷ್ಟು ಜನಕ್ಕೆ ಗೊತ್ತೋ ಏನೋ. ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಕ್ಯಾಸೆಟ್‌ನಲ್ಲಿ ಹಾಡು ಮಾತ್ರ. ಹಿನ್ನೆಲೆ ಸಂಗೀತ ಬೇಕು ಅಂದರೆ ಟಿಕೆಟ್ ತಗೊಂಡು ಒಳಗೆ ಹೋಗಬೇಕು. ಇನ್ನೊಂದು ಸಲ ಬೇಕು ಅಂದರೆ ಇನ್ನೊಂದು ಟಿಕೆಟ್. ಈಗ ನಿಮಗೆ ಬೆರಳ ತುದಿಯಲ್ಲಿ ಸಿಗುತ್ತದೆ, ಒಎಸ್‌ಟಿ ಅಂತ ಬೇರೆಯಾಗಿಯೇ ಬಿಡುತ್ತಾರೆ. ನಾವು ಎದ್ದು ಹೊರಗೆ ಬರುವಷ್ಟರಲ್ಲಿ ಅರ್ಧ ಮರೆತಿರುತ್ತಿದ್ದೆವು.

ಅದಕ್ಕೇ ಗೆಳೆಯನ ಟೇಪ್‌ರೆಕಾರ್ಡರ್ ಇಸ್ಕೊಂಡು, ಟವೆಲ್ ಸುತ್ತಿ, ಕೈಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಟಾರ್ಚಿನವನು ನೋಡಿದ್ದರೆ ನೆಟ್ಟಗೆ ಆಚೆಗೆ. ಚೀಲವನ್ನು ತೊಡೆ ಮೇಲೆ ಇಟ್ಟುಕೊಂಡು ಅಲುಗಾಡದೆ ಕೂತಿದ್ದೆ, ಕಾಲು ಜೋಮು ಹಿಡಿದು ಇಂಟರ್‌ವಲ್‌ನಲ್ಲಿ ಏಳಲಿಕ್ಕೂ ಆಗಲಿಲ್ಲ. ಆ ಟೇಪು ನಿನಗೆ ಗೊತ್ತು. ಫ್ಯಾನಿನ ಸದ್ದು, ಯಾರದೋ ಮಗು ಅಳುವುದು, ಕಡಲೆಕಾಯಿ ಸಿಪ್ಪೆ. ವಯಲಿನ್‌ಗಳೆಲ್ಲ ಒಟ್ಟಿಗೆ ಎದ್ದು ಬರುವ ಜಾಗದಲ್ಲಿ ಸರಿಯಾಗಿ ಯಾರೋ ಪುಣ್ಯಾತ್ಮ ಎರಡು ಸಲ ಕೆಮ್ಮುತ್ತಾನೆ. ಎಷ್ಟು ಸಲ ಕೇಳಿದ್ದೇನೆ ಅಂದರೆ ಈಗ ಯೂಟ್ಯೂಬಿನಲ್ಲಿ ಸ್ವಚ್ಛವಾಗಿ ಬಂದರೂ ಆ ಕೆಮ್ಮಿಗೆ ಕಾಯುತ್ತೇನೆ. ನೀನು ಚಿಕ್ಕವಳಿದ್ದಾಗ ಅದೂ ಮ್ಯೂಸಿಕ್ಕಿನ ಭಾಗ ಅಂದುಕೊಂಡು ಅಲ್ಲಿ ಬಂದಾಗ ಕೆಮ್ಮುತ್ತಿದ್ದೆ. ಟೇಪು ನುಲಿದು ಹೋದ ಮೇಲೂ ಕೆಮ್ಮುತ್ತಿದ್ದೆ.

ಮೊನ್ನೆ ಆ ಜಾಗ ಹಾಕಿದೆ. ಮೈಸೂರಿನಲ್ಲಿ ಕೊಟ್ಟ ಕಿವಿ ಮಿಷನ್ ಇಲ್ಲದೆ ಕೇಳಿದರೆ ವಯಲಿನ್‌ಗಳು ಇವೆ, ಆದರೆ ಕಮಾನು ತಂತಿಗೆ ಉಜ್ಜುವುದು ಗೊತ್ತಾಗಲ್ಲ. ಮಿಷನ್ ಹಾಕಿಕೊಂಡರೆ ಕಮಾನು ಬಂತು, ಆದರೆ ಅದು ವಯಲಿನ್ ಅನ್ನಿಸಲಿಲ್ಲ. ಮತ್ತೆ ತೆಗೆದೆ. ಮತ್ತೆ ಹಾಕಿದೆ. ಅಮ್ಮ ಅಡುಗೆಮನೆಯಿಂದ ಬಂದು "ಸಾಕು ಮಾಡ್ರೀ" ಅಂದಳು. ಆಮೇಲೊಂದು ಸಲ ತುಂಬಾ ಚೆನ್ನಾಗಿ ಕೇಳಿತು, ಎಲ್ಲವೂ ಕೇಳಿತು. ಆದರೆ ಅದು ಕಿವಿಯಿಂದ ಕೇಳಿದ್ದೋ ನೆನಪಿನಿಂದ ತುಂಬಿಕೊಂಡಿದ್ದೋ, ದೇವರಾಣೆಗೂ ಗೊತ್ತಿಲ್ಲ. ಎಲ್ಲಿ ಏನು ಬರಬೇಕು ಅಂತ ನನಗೆ ಬಾಯಿಪಾಠ. ಇಲ್ಲದ ಸ್ವರವನ್ನೂ ನಾನೇ ಹಾಕಿಕೊಂಡು ಬಿಡುತ್ತೇನೆ.

ನಿನ್ನದಕ್ಕೆ ಹಾಗೆ ಮಾಡಲಿಕ್ಕೆ ಆಗಲ್ಲ ಪುಟ್ಟಿ. ನಿನ್ನದು ಹೊಸದು. ಏನು ಬರಬೇಕು ಅಂತ ನನಗೆ ಗೊತ್ತಿಲ್ಲ, ಏನು ಬರಲಿಲ್ಲ ಅಂತಲೂ ಗೊತ್ತಾಗಲ್ಲ. ಅರ್ಧ ಕೇಳಿ "ಸೂಪರ್" ಅಂತ ಟೈಪ್ ಮಾಡಿ ಹೂವಿನ ಚಿತ್ರ ಹಾಕಬಹುದಿತ್ತು, ನಿನ್ನ ಚಿಕ್ಕಪ್ಪ ಹಾಕಿದ ಹಾಗೆ. ನಿನ್ನ ಮೊದಲ ಕೆಲಸಕ್ಕೆ ಅದನ್ನು ಮಾಡಲು ಮನಸ್ಸು ಬರಲಿಲ್ಲ. ಸುಮ್ನೆ ಕೂತೆ. ನಿನ್ನನ್ನು ಅಷ್ಟು ದಿನ ಕಾಯಿಸಬಾರದಿತ್ತು.

ಕೇಳಿದ್ದನ್ನು ಹೇಳುತ್ತೇನೆ. ನಿನ್ನ ವಿಡಿಯೋದಲ್ಲಿ ಅಜ್ಜಿ ಮನೆಗೆ ಬೀಗ ಹಾಕುವಾಗ ಕೆಳಗೆ ಒಂದು ಶ್ರುತಿ ಇಟ್ಟಿದ್ದೀಯಲ್ಲ, ಅದು ಬಹಳ ಚೆನ್ನಾಗಿದೆ. ಅವಳು ಮೆಟ್ಟಿಲು ಇಳಿಯುವುದಕ್ಕೆ ತಾಳ ಹೊಂದಿಸಲಿಲ್ಲ, ಅದು ಇನ್ನೂ ಚೆನ್ನಾಗಿದೆ. ಬೇರೆಯವರಾಗಿದ್ದರೆ ಹೆಜ್ಜೆಗೊಂದು ಮೃದಂಗದ ಪೆಟ್ಟು ಹಾಕುತ್ತಿದ್ದರು. ಆಮೇಲೆ ಬಸ್‌ಸ್ಟಾಪಿನಲ್ಲಿ ಬರುವುದು ಕೊಳಲೋ ಕೀಬೋರ್ಡೋ ಅಂತ ಮೊದಲ ಸಲ ತಿಳಿಯಲಿಲ್ಲ. ಊದುವವರ ಉಸಿರು ಕೇಳದಿದ್ದರೆ ಹೇಗೆ ತಿಳಿಯುತ್ತದೆ? ಮಿಷನ್ ಹಾಕಿದಾಗ ಉಸಿರು ಬಂತು, ಆದರೆ ನೀಳ ಸ್ವರ ಗಡಗಡ ನಡುಗಲು ಶುರುವಾಯಿತು. ಇದೇನು ನೀನೇ ಹಾಗೆ ಮಾಡಿದ್ದಾ ಅಂದುಕೊಂಡೆ. ಅಲ್ಲವಂತೆ. ಮಿಷನ್ ಕೆಲವು ಸಲ ತಾನೇ ಕುಂಯ್ ಅಂತ ಸಿಳ್ಳೆ ಹೊಡೆಯುತ್ತದೆ, ಅದನ್ನು ತಡೆಯಲು ಒಳಗೊಂದು ವ್ಯವಸ್ಥೆ ಇಟ್ಟಿರುತ್ತಾರೆ. ಕೊಳಲಿನ ಉದ್ದ ಸ್ವರ ಬಂದರೆ ಅದನ್ನೂ ತನ್ನದೇ ಸಿಳ್ಳೆ ಅಂದುಕೊಂಡು ಅಡಗಿಸಲು ಹೋಗುತ್ತದೆ. ಮಾತು ಕೇಳಲಿ ಅಂತ ಮಾಡಿದ ಯಂತ್ರ, ಅದಕ್ಕೇನು ಗೊತ್ತು ಹರಿಪ್ರಸಾದ್ ಚೌರಾಸಿಯಾ ಯಾರು ಅಂತ. ಮೈಸೂರಿಗೆ ಫೋನ್ ಮಾಡಿದ್ದಕ್ಕೆ ಸಂಗೀತಕ್ಕೇ ಬೇರೆ ಪ್ರೋಗ್ರಾಂ ಇದೆ, ಬನ್ನಿ, ಹಾಕಿಕೊಡ್ತೀವಿ ಅಂದರು. ಅಮ್ಮ ಈಗಾಗಲೇ ಬಸ್ಸಿನ ಟೈಮ್ ನೋಡುತ್ತಿದ್ದಾಳೆ.

'ಸಪ್ತ ಸಾಗರದಾಚೆ ಎಲ್ಲೋ' ನೋಡಿ ಬಂದು, ಚರಣ್ ರಾಜ್ ಮ್ಯೂಸಿಕ್ ಬರೀ ಖಾಲಿ ಖಾಲಿ ಅಂತ ನಾನು ಅಂದಿದ್ದು, ನೀನು ಊಟ ಬಿಟ್ಟು ಎದ್ದಿದ್ದು ನೆನಪಿದೆ. ಆ ಖಾಲಿಯಲ್ಲಿ ಏನೇನಿತ್ತೋ, ಈಗ ಅನುಮಾನ. ತೀರ್ಪು ಸದ್ಯಕ್ಕೆ ವಾಪಸ್. ಆದರೂ ಇಳಯರಾಜಾನೇ ಮೇಲು, ಅದರಲ್ಲಿ ಎರಡು ಮಾತಿಲ್ಲ.

ಈಗ ಕಿವಿಗೊಟ್ಟು ಕೇಳು. ಉಪದೇಶ ಮಾಡಬಾರದು ಅಂತಲೇ ಕೂತಿದ್ದೆ, ಆಗುತ್ತಿಲ್ಲ. ಸ್ಟುಡಿಯೋದಲ್ಲಿ ಬೆಳಗಿಂದ ರಾತ್ರಿ ತನಕ ಹೆಡ್‌ಫೋನ್, ಬಸ್ಸಲ್ಲಿ ಇಯರ್‌ಫೋನ್, ಮಲಗಿದ ಮೇಲೂ ಅದೇ. 85 ಡೆಸಿಬಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಡೆಯುತ್ತದಂತೆ. ಅದರ ಮೇಲೆ 3 ಡೆಸಿಬಲ್ ಏರಿದರೆ 4 ಗಂಟೆ. ಇನ್ನೊಂದು 3 ಏರಿದರೆ 2. ವಾಲ್ಯೂಮ್ ಸ್ವಲ್ಪವೇ ಜಾಸ್ತಿ ಮಾಡಿದೆ ಅಂತ ನೀನು ಅಂದುಕೊಳ್ಳುವಷ್ಟರಲ್ಲಿ ದಿನದ ಲೆಕ್ಕ ಮುಗಿದಿರುತ್ತದೆ. ಕಿವಿಯೊಳಗೆ ಕೂದಲಿನಂಥ ಸಣ್ಣ ಸಣ್ಣ ಕೋಶಗಳಿವೆ. ಹೋದರೆ ಹೋದವು, ಮತ್ತೆ ಹುಟ್ಟಲ್ಲ. ನೋವೂ ಆಗಲ್ಲ. ಪ್ರೆಸ್ಸು ಮುಚ್ಚಿ ಮನೆಗೆ ಬಂದಾಗ ನನಗೆ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು, ಬೆಳಗ್ಗೆ ಸರಿಹೋಗುತ್ತಿತ್ತು. ಸರಿಹೋಯ್ತಲ್ಲ ಅಂತ ಬಿಟ್ಟೆ. ನಿನಗೂ ರಾತ್ರಿ ಹಾಗೆ ಗುಂಯ್ ಅನ್ನುತ್ತದಾ? ಸುಳ್ಳು ಹೇಳಬೇಡ. ಬೆಂಗಳೂರಿನಲ್ಲೇ ಒಂದು ಆಡಿಯೋಗ್ರಾಂ ಮಾಡಿಸು. ಎಲ್ಲ ಸರಿ ಇರುವಾಗಲೇ ಒಂದು ಹಾಳೆ ಕೈಯಲ್ಲಿರಲಿ, ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ. ದುಡ್ಡು ನಾನು ಹಾಕುತ್ತೇನೆ. ಕಡಿಮೆ ವಾಲ್ಯೂಮಿನಲ್ಲಿ ಮಿಕ್ಸ್ ಮಾಡುವುದನ್ನು ಕಲಿ. ಗಂಟೆಗೊಂದು ಸಲ ಎದ್ದು ಹೊರಗೆ ಹೋಗಿ ಬಾ. ನಿಮ್ಮ ಸರ್ ಬೈದರೆ ಬೈಯಲಿ.

ಬೈಯುವ ಮಾತು ಬಂತಲ್ಲ, ಅದಕ್ಕೊಂದು. ನಿರ್ದೇಶಕರು ಉದ್ದಕ್ಕೂ ಮ್ಯೂಸಿಕ್ ತುಂಬು ಅಂತಿದ್ದಾರೆ, ನಿನಗೆ ಇಷ್ಟ ಇಲ್ಲ ಅಂತ ಅಮ್ಮ ಹೇಳಿದಳು. 'ಸೈಕೋ' ಕತೆ ನೀನೇ ನನಗೆ ಹೇಳಿದ್ದು. ಸ್ನಾನದ ದೃಶ್ಯಕ್ಕೆ ಮ್ಯೂಸಿಕ್ಕೇ ಬೇಡ ಅಂದಿದ್ದರು ನಿರ್ದೇಶಕ ಹಿಚ್‌ಕಾಕ್. ಅದರ ಸಂಗೀತಗಾರ ಬರ್ನಾರ್ಡ್ ಹರ್ಮನ್ ವಾದ ಮಾಡದೆ ಬರೆದು ಕೇಳಿಸಿದರು, ಅವರು ಒಪ್ಪಿದರು. ನಿನ್ನದು ಉಲ್ಟಾ ಕೇಸು, ಆದರೆ ದಾರಿ ಅದೇ. ತುಂಬಿದ್ದೊಂದು, ಬಿಟ್ಟಿದ್ದೊಂದು, ಎರಡನ್ನೂ ಮಾಡಿ ಮುಂದೆ ಇಡು. ಬಾಯಲ್ಲಿ ಜಗಳ ಆಡಬೇಡ. ಆ ಗುಣ ನನ್ನಿಂದ ಬಂದಿದ್ದು, ಅದರಿಂದ ನನಗೇನೂ ಲಾಭ ಆಗಿಲ್ಲ.

ನಿನ್ನ ಹೆಸರು ಬರುವ ಕಡೆ ವಿಡಿಯೋ ನಿಲ್ಲಿಸಿ ಅಮ್ಮನಿಗೆ ತೋರಿಸಿದೆ. ಪಕ್ಕದ ಮನೆಯವರಿಗೂ ತೋರಿಸಿದೆ. ಪ್ರೆಸ್ಸಿಗೆ ಮದುವೆ ಕಾರ್ಡಿನ ಪ್ರೂಫ್ ನೋಡಲು ಬಂದವರಿಗೂ ತೋರಿಸಿದೆ, ಪಾಪ, ಅವರಿಗೆ ಅವಸರ ಇತ್ತು. ಅಕ್ಷರ ಸ್ವಲ್ಪ ದೊಡ್ಡದು ಹಾಕಿಸಬಹುದಿತ್ತು.

ಒಂದೇ ಒಂದು ವಿಷಯ ನಿನ್ನಿಂದ ತಿಳಿಯಬೇಕು. ಬಸ್ ಹೊರಟ ಮೇಲೆ ಅಜ್ಜಿ ಕಿಟಕಿಯಿಂದ ನೋಡುತ್ತಾಳಲ್ಲ, ಅಲ್ಲಿ ನನಗೆ ಏನೂ ಕೇಳುತ್ತಿಲ್ಲ. ಅಲ್ಲಿ ನೀನು ನಿಜವಾಗಿ ಏನೂ ಇಟ್ಟಿಲ್ವಾ, ಅಥವಾ ಏನೋ ಇದ್ದು ನನಗೆ ಸಿಗುತ್ತಿಲ್ವಾ? ಅಮ್ಮನನ್ನು ಕೇಳಿದರೆ "ಏನೋ ಸಣ್ಣದಾಗಿ ಗೆಜ್ಜೆ ಥರ ಇರಬೇಕು, ಕುಕ್ಕರ್ ಕೂಗ್ತಿತ್ತು, ಸರಿಯಾಗಿ ಕೇಳಿಲ್ಲ" ಅಂದಳು. ಇದ್ದರೆ ಆ ಟ್ರ್ಯಾಕ್ ಮಾತ್ರ ಬೇರೆ ಮಾಡಿ ಕಳಿಸು, ಕೊಳಲಿನದ್ದೂ ಬೇರೆ. ವಾಟ್ಸಾಪಿನಲ್ಲಿ ಬೇಡ, ಅದು ಸದ್ದನ್ನು ಹಿಂಡಿಬಿಡುತ್ತದೆ. ಮೇಲ್ ಮಾಡು. ಮೈಸೂರಿಗೆ ಹೋಗುವಾಗ ಫೋನಿನಲ್ಲಿ ಹಾಕಿಕೊಂಡು ಹೋಗಿ, ಮಿಷನ್ ಹೊಂದಿಸುವಾಗ ಇದನ್ನೇ ಇಟ್ಟು ಹೊಂದಿಸಮ್ಮ ಅಂತ ಆ ಹುಡುಗಿಗೆ ಹೇಳುತ್ತೇನೆ.

ಇಂತಿ,
ಅಪ್ಪ