ಫೋನಿನಲ್ಲಿ ಆಗದ ತಪಾಸಣೆ

ಸಂಪಾದಕರೇ,

ಮುಂದಿನ ಸಾಂಕ್ರಾಮಿಕಕ್ಕೆ ಸಿದ್ಧತೆ ಎಂದರೆ ವೆಂಟಿಲೇಟರ್, ಹಾಸಿಗೆ, ಆಮ್ಲಜನಕದ ಲೆಕ್ಕ ಎಂದಾಗಿಬಿಟ್ಟಿದೆ. ಹೆರಿಗೆ ವಾರ್ಡಿನ ಲೆಕ್ಕ ಕೇಳುವವರಿಲ್ಲ. 17 ದೇಶಗಳ 40 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2021ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕೋವಿಡ್ ಕಾಲದಲ್ಲಿ ಮಗು ಹೊಟ್ಟೆಯಲ್ಲೇ ಸಾಯುವುದು ಸುಮಾರು ಶೇ 28ರಷ್ಟು, ತಾಯಂದಿರ ಸಾವು ಶೇ 37ರಷ್ಟು ಹೆಚ್ಚಿತ್ತು. ಇದು ಸೋಂಕು ತಗುಲಿದವರದ್ದಷ್ಟೇ ಲೆಕ್ಕವಲ್ಲ, ಹೊತ್ತಿಗೆ ತಪಾಸಣೆ ಸಿಗದವರದ್ದೂ ಹೌದು.

ಅಂಡನಾಳದಲ್ಲಿ ನಿಂತ ಗರ್ಭಕ್ಕೆ ಶಸ್ತ್ರಚಿಕಿತ್ಸೆ ಬೇಕಾದದ್ದಂತೂ ಹೆಚ್ಚುಕಡಿಮೆ ಆರು ಪಟ್ಟು. ವೈರಾಣು ಗರ್ಭವನ್ನು ಅಂಡನಾಳಕ್ಕೆ ತಳ್ಳುವುದಿಲ್ಲವಲ್ಲ! ಆರೇಳು ವಾರಕ್ಕೆ ಸ್ಕ್ಯಾನ್ ಆದರೆ ಹಲವರಿಗೆ ಆ ಗರ್ಭದ ಬೆಳವಣಿಗೆ ನಿಲ್ಲಿಸುವ ಮೆಥೊಟ್ರೆಕ್ಸೇಟ್ ಚುಚ್ಚುಮದ್ದೇ ಸಾಕು. ತಡವಾದರೆ ನಾಳ ಒಡೆದು ಹೊಟ್ಟೆಯೊಳಗೆ ರಕ್ತ ಸೋರುತ್ತದೆ.

ಸೋಂಕಿನ ನೇರ ಹಾನಿಯೂ ಸಣ್ಣದಲ್ಲ. ಗರ್ಭಿಣಿ ಐಸಿಯು ಸೇರುವ, ದಿನ ತುಂಬುವ ಮುನ್ನ ಹೆರುವ ಅಪಾಯ ಹೆಚ್ಚು. ಅಪರೂಪಕ್ಕೆ, ತಾಯಿಗೆ ನೆಗಡಿಯಷ್ಟೇ ಇದ್ದರೂ ಮಾಸಿನಲ್ಲಿ (ಪ್ಲಾಸೆಂಟಾ) ಫೈಬ್ರಿನ್ ಎಂಬ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಕಟ್ಟಿಕೊಂಡು ಮಗುವಿಗೆ ಆಮ್ಲಜನಕ ತಪ್ಪುತ್ತದೆ. ಲಸಿಕೆ ಪಡೆಯದವರಲ್ಲೇ ಇದು ಹೆಚ್ಚಾಗಿ ಕಂಡಿದ್ದು. ಹೊರಗೆ ಕಾಣುವ ಸುಳಿವು ಬಹುಮಟ್ಟಿಗೆ ಒಂದೇ: ಮಗುವಿನ ಮಿಸುಕಾಟ ಕಡಿಮೆಯಾಗುವುದು. ‘ಜ್ವರ ಇಳಿಯಲಿ, ಆಮೇಲೆ ನೋಡೋಣ’ ಎನ್ನದೆ ಅಂದೇ ಮಗುವಿನ ಎದೆಬಡಿತ ಪರೀಕ್ಷಿಸಬೇಕು.

ಇನ್ನು ಫೋನ್ ಸಮಾಲೋಚನೆ. ವಾಂತಿಗೆ ಔಷಧ ಹೇಳಲು, ರಿಪೋರ್ಟ್ ವಿವರಿಸಲು ಅದು ಸಾಕು. ಗರ್ಭಿಣಿಯ ಬಿ.ಪಿ. ಕಾಯಿಲೆಯ ಸುಳಿವಾದ ಪ್ರೋಟೀನ್ ಮೂತ್ರದಲ್ಲಿ ಇದೆಯೇ ಎಂಬುದು ಫೋನಿಗೆ ತಿಳಿಯದು. ಹೊಟ್ಟೆಗೆ ಟೇಪ್ ಹಿಡಿಯಲೂ ಆಗದು. 24 ವಾರದ ನಂತರ ಗರ್ಭಕೋಶದ ಎತ್ತರ, ಸೆಂಟಿಮೀಟರ್‌ನಲ್ಲಿ, ವಾರಗಳ ಸಂಖ್ಯೆಗೆ ಹತ್ತಿರವಿರಬೇಕು. ಮೂರಕ್ಕಿಂತ ಹೆಚ್ಚು ಹಿಂದೆ ಬಿದ್ದರೆ ಮಗುವಿನ ಬೆಳವಣಿಗೆ ನೋಡಲು ಸ್ಕ್ಯಾನ್ ಬೇಕು. ಈ ಅಳತೆ ತಪ್ಪಿದ ಕಡೆಯೇ ಸೊರಗಿದ ಮಗು ಗೊತ್ತಾಗದೆ ಉಳಿಯುವುದು.

ಬಿ.ಪಿ. ಮಾತ್ರ ಮನೆಯಲ್ಲೇ ನೋಡಿಕೊಳ್ಳಬಹುದು, ಸರಿಯಾಗಿ ನೋಡಿದರೆ. ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಮಟ್ಟಕ್ಕಿಟ್ಟು ಅಳೆಯಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿ.ಪಿ. ತೋರಿಸುತ್ತದೆ. 140/90 ಮುಟ್ಟಿದರೆ ಅಂದೇ ವೈದ್ಯರಿಗೆ ತಿಳಿಸಬೇಕು. 160/110 ಆದರೆ ಏನೂ ತೊಂದರೆ ಅನಿಸದಿದ್ದರೂ ಆಸ್ಪತ್ರೆಗೆ ಹೊರಡಬೇಕು. ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಗೆಯ ಕೆಳಗೆ ನೋವು ಬಂದರೆ ಅಂಕಿಗೂ ಕಾಯಬಾರದು. ಮುಂದಿನ ಹಂತ ಫಿಟ್ಸ್.

ತಾಯಿಗೆ ಕೋವಿಡ್ ಇದೆಯೆಂದು ಶಿಶುವನ್ನು ಬೇರೆ ಕೋಣೆಗೆ ಒಯ್ದದ್ದು ಅನೇಕ ಕಡೆ ನಡೆಯಿತು. ಮಾಸ್ಕ್ ಹಾಕಿ, ಕೈ ತೊಳೆದು ಹಾಲೂಡಿಸಲಿ ಎಂದೇ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತ್ತು. ತೂಕ ಕಡಿಮೆಯಿರುವ ಶಿಶುವಿಗೆ ತಾಯಿಯ ಎದೆಯ ಶಾಖ ತಪ್ಪಿಸುವುದು ಸೋಂಕಿಗಿಂತ ದೊಡ್ಡ ಅಪಾಯ.

ಆದ್ದರಿಂದ ಸಿದ್ಧತೆಯ ಯೋಜನೆಯಲ್ಲಿ ಇಷ್ಟು ಬರೆದಿಡಲಿ: ಹೆರಿಗೆ ವಿಭಾಗದ ದಾದಿಯರು, ಅರಿವಳಿಕೆ ತಜ್ಞರು, ಸಿಸೇರಿಯನ್ ಕೊಠಡಿ ಬೇರೆ ವಾರ್ಡಿಗೆ ಹೋಗಕೂಡದು. ನೋವು ಶುರುವಾಗಿ ಬಂದವರನ್ನು ಸೋಂಕು ಪರೀಕ್ಷೆಯ ಫಲಿತಾಂಶಕ್ಕಾಗಿ ಬಾಗಿಲಲ್ಲಿ ಕಾಯಿಸಕೂಡದು.

– ಪ್ರಸೂತಿ ತಜ್ಞರ ಒಂದು ಬಳಗ